ದಪ್ಪಮ್ಮ ಎಲ್ಲಿ ಹೋದಳು?

"ಐದನೇ ನಂಬರ್?" ಎಂದು ಕೆರೆಯ ದಂಡೆಯಲ್ಲಿ ನೋಟ್‌ಬುಕ್ ಹಿಡಿದು ಕೇಳಿದಳು ಚೋಟು.

"ಇದೆ. ಟಿಕ್ ಹಾಕು," ಎಂದಳು ಅಕ್ಕ.

"ಆರು?"

ಅಕ್ಕ ಎಡಗೈಯಲ್ಲಿದ್ದ ಆಂಟೆನಾವನ್ನು ತಲೆಗಿಂತ ಮೇಲೆತ್ತಿ ನಿಂತಲ್ಲೇ ಒಂದು ಸುತ್ತು ತಿರುಗಿದಳು. ಕೊರಳಿಗೆ ನೇತುಹಾಕಿಕೊಂಡಿದ್ದ ರಿಸೀವರ್‌ನ ಗುಂಡಿಯನ್ನು ಕೂದಲೆಳೆಯಷ್ಟು ಅತ್ತಿತ್ತ ಮಾಡಿದಳು. ಇನ್ನೊಂದು ಸುತ್ತು ತಿರುಗಿದಳು. ಹೆಡ್‌ಫೋನ್ ತೆಗೆದು, ದುಪಟ್ಟಾದಿಂದ ಒರೆಸಿ, ಮತ್ತೆ ಕಿವಿಗೆ ಹಾಕಿಕೊಂಡಳು.

"ಆರು ಇಲ್ಲ," ಎಂದಳು ಕೊನೆಗೆ. "ಬೆಳಿಗ್ಗೆ ಆರು ಗಂಟೆಗೆ ಒಬ್ಬಳೇ ಬಂದು ನೋಡಿದ್ದೆ. ಆಗಲೂ ಇರಲಿಲ್ಲ. ಈಗಲೂ ಇಲ್ಲ."

ಚೋಟು ಪೆನ್ನು ಕೆಳಗಿಳಿಸಿದಳು. ನೋಟ್‌ಬುಕ್ಕಿನಲ್ಲಿ ಆರರ ಮುಂದಿನ ಖಾಲಿ ಜಾಗ ಅವಳನ್ನೇ ನೋಡುತ್ತಿರುವಂತಿತ್ತು.

ಚೋಟುವಿನ ನಿಜವಾದ ಹೆಸರು ಇದ್ದದ್ದು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಅಪ್ಪ ಕರೆದ ಹೆಸರು ಐದನೇ ಕ್ಲಾಸಿಗೆ ಬಂದರೂ ಬಿಟ್ಟಿರಲಿಲ್ಲ. ಅವಳ ಅಕ್ಕ ಕಾಲೇಜಿನಲ್ಲಿ ಕಾಡುಪ್ರಾಣಿಗಳ ಬಗ್ಗೆ ಓದುತ್ತಿದ್ದಳು. ಬರೀ ಪುಸ್ತಕ ಓದಿದರೆ ಅಲ್ಲಿ ಪಾಸಾಗುವುದಿಲ್ಲ. ಪ್ರಾಣಿಗಳನ್ನು ಎಣಿಸುವುದು, ತೂಗುವುದು, ಗುರುತು ಹಾಕುವುದು, ಅವುಗಳಿಗೆ ತೊಂದರೆಯಾಗದಂತೆ ಹಿಂಬಾಲಿಸುವುದು ಎಲ್ಲ ಕಲಿಯಬೇಕು.

ಈ ವರ್ಷ ಅಕ್ಕನ ಪಾಲಿಗೆ ಬಂದದ್ದು ಊರಂಚಿನ ಕೆರೆಯ ಆಮೆಗಳು. ಅನುಮತಿ ಪತ್ರ ತಂದು, ಆರು ಆಮೆ ಹಿಡಿದು, ಒಂದೊಂದರ ಚಿಪ್ಪಿನ ಹಿಂಬದಿಗೂ ಒಂದೊಂದು ಟ್ಯಾಗ್ ಅಂಟಿಸಿದ್ದಳು. ಟ್ಯಾಗ್ ಎಂದರೆ ಪೆನ್ಸಿಲ್ ಅಳಿಸುವ ರಬ್ಬರಿನಷ್ಟು ಪುಟ್ಟ ರೇಡಿಯೊ, ಅದಕ್ಕೊಂದು ಬಾಲದಂಥ ತಂತಿ. ಪ್ರತಿ ಆಮೆಗೂ ಬೇರೆ ಬೇರೆ ಸ್ಟೇಷನ್. ಆ ಸ್ಟೇಷನ್ನಿಗೆ ತಿರುಗಿಸಿದರೆ "ಪಿಕ್... ಪಿಕ್... ಪಿಕ್" ಎಂದು ಕೇಳಬೇಕು.

ಆಮೆಗಳಿಗೆ ಹೆಸರಿಡಬಾರದು, ನಂಬರ್ ಮಾತ್ರ ಎಂಬುದು ಅಕ್ಕನ ರೂಲ್. ಆದರೆ ಆರನೆಯದು ತಕ್ಕಡಿಯಲ್ಲಿ ಎಲ್ಲಕ್ಕಿಂತ ಭಾರ ತೂಗಿತ್ತು. ಚೋಟು ಅದನ್ನು ಗುಟ್ಟಾಗಿ ದಪ್ಪಮ್ಮ ಎನ್ನುತ್ತಿದ್ದಳು.

"ಆಳಕ್ಕೆ ಹೋಗಿರಬಹುದಲ್ವಾ ಅಕ್ಕ?"

"ಈ ಕೆರೇಲಿ ಅಷ್ಟು ಆಳ ಎಲ್ಲಿದೆ? ನಿನ್ನೆ ಬೆಳಿಗ್ಗೆ ಬಿಟ್ವಿ. ನಿನ್ನೆ ಸಾಯಂಕಾಲ ಚೆನ್ನಾಗೇ ಕೇಳಿಸ್ತು." ಅಕ್ಕ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡಳು. "ಗಾಬರಿ ಆಗ್ಬೇಡ. ಸಿಗುತ್ತೆ."

ಅಕ್ಕನ ದನಿ ಎಂದಿನಂತೆಯೇ ಇತ್ತು. ಅಕ್ಕ ಹಾಗೇ. ಮನೆಗೆ ಹಾವು ಬಂದಾಗಲೂ "ಎಲ್ರೂ ಮಂಚ ಹತ್ತಿ" ಎಂದು ತಣ್ಣಗೆ ಹೇಳಿದವಳು. ಅವಳು ಫೋನ್ ತೆಗೆದು ಕಾಲೇಜಿನ ಮೇಡಂಗೆ ಕರೆ ಮಾಡಿದಳು.

"ಇಲ್ಲ ಮೇಡಂ, ಬ್ಯಾಟರಿ ಹೊಸದೇ... ಹೌದು, ಉಳಿದ ಐದೂ ಇವೆ... ನನ್ನ ತಪ್ಪೇ ಇರಬೇಕು ಮೇಡಂ. ಅಂಟು ಸರಿಯಾಗಿ ಕಲಸಿಲ್ಲ ಅನ್ಸುತ್ತೆ... ಸರಿ ಮೇಡಂ. ಬೇರೆ ಆಮೆಗೆ ಅಂಟಿಸಲ್ಲ."

ಫೋನಿಟ್ಟ ಅಕ್ಕ ಕೆರೆಯ ಕಡೆ ನೋಡುತ್ತಾ ನಿಂತಳು. ಕೆರೆಯ ಅರ್ಧ ಭಾಗ ನೀರಬಳ್ಳಿಯಿಂದ ಮುಚ್ಚಿಹೋಗಿತ್ತು.

"ಟ್ಯಾಗ್ ಪೂರ್ತಿ ಕಳಚಿ ಬಿದ್ದಿದ್ರೆ ಪರವಾಗಿಲ್ಲ," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. "ಅರ್ಧ ಕಿತ್ತು, ಕೆಳಗೆ ಆ ಬಳ್ಳಿಗೆ ಸಿಕ್ಕಿಹಾಕಿಕೊಂಡಿದ್ರೇನೇ ಕಷ್ಟ. ಆಮೆ ಉಸಿರಾಡೋಕೆ ಮೇಲೆ ಬರಬೇಕಲ್ವಾ?"

ಚೋಟು ತನ್ನ ತೋರುಬೆರಳನ್ನು ನೋಡಿಕೊಂಡಳು.

ಮೊನ್ನೆ ಶುಕ್ರವಾರ ಚೋಟು ಶಾಲೆಯಿಂದ ಬಂದಾಗ ದಪ್ಪಮ್ಮ ವರಾಂಡದ ಟಬ್ಬಿನಲ್ಲಿ ಕೂತಿದ್ದಳು. ಬೆನ್ನ ಮೇಲೆ ಆಗಷ್ಟೇ ಅಂಟಿಸಿದ ಟ್ಯಾಗ್. "ಎರಡು ಗಂಟೆ ಯಾರೂ ಮುಟ್ಟಬಾರದು. ನೀನು ಕಾವಲು," ಎಂದು ಹೇಳಿ ಅಕ್ಕ ಫೋನ್ ಹಿಡಿದು ಒಳಗೆ ಹೋದಳು. ಚೋಟು ಕಾವಲು ಕೂತಳು. ಹೊಳೆಹೊಳೆಯುತ್ತಿದ್ದ ಆ ಅಂಟು ಒಣಗಿದೆಯೋ ಇಲ್ಲವೋ ಎಂದು ನೋಡಲು ಒಂದೇ ಒಂದು ಬೆರಳು ತಾಗಿಸಿದಳು. ಟ್ಯಾಗ್ ಸರಕ್ಕನೆ ಜರುಗಿತು. ಅವಳು ಅದನ್ನು ಹಿಂದಕ್ಕೆ ತಂದು, ಒತ್ತಿ, ಸುಮ್ಮನಾದಳು. ಬೆರಳಿಗೆ ಮೆತ್ತಿದ ಅಂಟನ್ನು ರಾತ್ರಿ ಊಟದ ಹೊತ್ತಿಗೆ ಕೆರೆದು ತೆಗೆದಳು. ಯಾರಿಗೂ ಹೇಳಲಿಲ್ಲ.

ಈಗ ಅಕ್ಕ ಪೆನ್ನು ಕೇಳಿದಳು. ನೋಟ್‌ಬುಕ್ಕಿನ ಆರರ ಮುಂದೆ ಬರೆಯತೊಡಗಿದಳು: "ಸಿಗ್ನಲ್ ಇಲ್ಲ. ಕಾರಣ: ಅಂಟು ಕಲಸುವಾಗ ನನ್ನಿಂದ..."

"ಅಕ್ಕ, ಅಂಟು ಸರಿಯಾಗೇ ಇತ್ತು."

"ಹಾಂ?"

"ನಾನು ಮುಟ್ಟಿದೆ." ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ತಾನಾಗಿ ಉರುಳಿ ಬಂತು. "ಶುಕ್ರವಾರ. ಒಣಗಿದೆಯಾ ಅಂತ ನೋಡೋಕೆ. ಒಂದೇ ಬೆರಳಲ್ಲಿ. ಟ್ಯಾಗ್ ಜರುಗಿಬಿಡ್ತು. ಆಮೇಲೆ ಒತ್ತಿಟ್ಟೆ. ನಿಂಗೆ ಹೇಳ್ಲಿಲ್ಲ."

ಅಕ್ಕ ಅವಳನ್ನೇ ನೋಡಿದಳು. ಎಷ್ಟು ಹೊತ್ತು ನೋಡಿದಳೆಂದರೆ, ಬೈದಿದ್ದರೇ ಚೆನ್ನಾಗಿತ್ತು ಎಂದು ಚೋಟುವಿಗೆ ಅನಿಸಿತು.

"ಎಷ್ಟು ಹೊತ್ತಿಗೆ?"

"ಏನು?"

"ಮುಟ್ಟಿದ್ದು ಎಷ್ಟು ಹೊತ್ತಿಗೆ?"

"ನಾಲ್ಕೂ ಕಾಲಿಗೆ. ನೀನು ಫೋನಲ್ಲಿದ್ದೆ."

"ಯಾವ ಕಡೆಗೆ ಜರುಗಿತು?"

"ಎಡಕ್ಕೆ. ಇಷ್ಟೇ ಇಷ್ಟು."

ಅಕ್ಕ ತಾನು ಬರೆದದ್ದರ ಮೇಲೆ ಗೆರೆ ಎಳೆದು ಪೆನ್ನನ್ನು ಅವಳ ಕೈಗಿಟ್ಟಳು. "ಬರಿ."

ಚೋಟು ಬರೆದಳು: "ಶುಕ್ರವಾರ 4.15. ಅಂಟು ಹಸಿಯಾಗಿದ್ದಾಗ ಟ್ಯಾಗ್ ಮುಟ್ಟಲಾಯಿತು."

"ಮುಟ್ಟಲಾಯಿತು ಅಂದ್ರೆ? ಗಾಳಿ ಬಂದು ಮುಟ್ಟಿತಾ?"

ಚೋಟು "ಮುಟ್ಟಲಾಯಿತು" ಎಂಬುದನ್ನು ಹೊಡೆದುಹಾಕಿ "ನಾನು ಮುಟ್ಟಿದೆ" ಎಂದು ಬರೆದಳು. ಅಕ್ಷರ ಕಣ್ಣೀರಿನಲ್ಲಿ ಅಲುಗಾಡುತ್ತಿತ್ತು.

"ಬೈಯಲ್ವಾ?"

"ಬೈತೀನಿ. ಆಮೇಲೆ." ಅಕ್ಕ ರಿಸೀವರ್‌ನ ಪಟ್ಟಿ ಸರಿಮಾಡಿಕೊಂಡಳು. "ಶುಕ್ರವಾರಾನೇ ಹೇಳಿದ್ರೆ, ನೀರಿಗೆ ಬಿಡೋ ಮೊದಲು ಒಂದ್ಸಲ ನೋಡಬಹುದಿತ್ತು ಚೋಟು."

ಅಷ್ಟೇ ಹೇಳಿದ್ದು. ಅದು ಬೈಗುಳಕ್ಕಿಂತ ಚುರುಕ್ಕೆಂದಿತು.

"ಬಾ, ಪಂಪ್‌ಹೌಸ್ ಹತ್ತೋಣ," ಎಂದಳು ಅಕ್ಕ. "ಎತ್ತರಕ್ಕೆ ಹೋದಷ್ಟೂ ದೂರದ ಸಿಗ್ನಲ್ ಸಿಗುತ್ತೆ."

ಪಂಪ್‌ಹೌಸಿನ ಹೊರಗೆ ಕಬ್ಬಿಣದ ಮೆಟ್ಟಿಲಿತ್ತು. ಮೇಲಿನ ತಾರಸಿಯಲ್ಲಿ ನಿಂತು ಅಕ್ಕ ಆಂಟೆನಾವನ್ನು ಕೆರೆಯುದ್ದಕ್ಕೂ ತೋರಿಸಿದಳು. ತಲೆ ಅಲ್ಲಾಡಿಸಿದಳು. ಬಳ್ಳಿ ತುಂಬಿದ ಕಡೆ ತೋರಿಸಿದಳು. ಅಲ್ಲೂ ಇಲ್ಲ. ಬೇಸರದಿಂದ ಆಂಟೆನಾ ಇಳಿಸುತ್ತಾ ಇತ್ತ ತಿರುಗಿದವಳು ಥಟ್ಟನೆ ನಿಂತಳು.

"ಚೋಟು, ಇದನ್ನ ಕೇಳು."

ಹೆಡ್‌ಫೋನು ಚೋಟುವಿನ ಕಿವಿಗೆ ದೊಡ್ಡದು. ಎರಡೂ ಕೈಯಿಂದ ಒತ್ತಿ ಹಿಡಿದಳು. ಮೊದಲು ಬರೀ ಸೊರ್ರೆನ್ನುವ ಸದ್ದು. ಅದರೊಳಗೆ, ಗಡಿಯಾರವನ್ನು ದಿಂಬಿನ ಕೆಳಗೆ ಮುಚ್ಚಿಟ್ಟಂತೆ, ಪಿಕ್... ಪಿಕ್...

"ಇದೆ! ಅಕ್ಕ, ಇದೆ!"

"ಇದೆ. ಆದ್ರೆ ನೋಡು, ನಾನು ಯಾವ ಕಡೆ ತೋರಿಸ್ತಿದ್ದೀನಿ."

ಆಂಟೆನಾ ಕೆರೆಗೆ ಬೆನ್ನು ಹಾಕಿತ್ತು. ಅದು ತೋರಿಸುತ್ತಿದ್ದದ್ದು ಊರಿನ ಕಡೆ, ಲಾರಿಗಳು ಓಡಾಡುವ ರಸ್ತೆಯ ಕಡೆ.

"ನೀನೇ ದಿಕ್ಕು ಹಿಡಿ," ಎಂದು ಅಕ್ಕ ಆಂಟೆನಾವನ್ನು ಅವಳಿಗೆ ಕೊಟ್ಟಳು. "ಸದ್ದು ಎಲ್ಲಿ ಜೋರಾಗಿದೆ ಅಂತ ಹುಡುಕಿದ್ರೆ ಕಿವಿ ಮೋಸ ಹೋಗುತ್ತೆ. ಎಡಕ್ಕೆ ತಿರುಗ್ತಾ ಹೋಗು, ಸದ್ದು ಎಲ್ಲಿ ಸಾಯುತ್ತೆ ನೋಡ್ಕೋ. ಬಲಕ್ಕೂ ಹಾಗೇ ಮಾಡು. ಎರಡರ ಸರಿಮಧ್ಯಕ್ಕೆ ನಿಂತ್ಕೋ."

ಚೋಟು ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು, ನಡುವೆ ನಿಂತಳು. ಅಕ್ಕ ಅವಳ ಪಕ್ಕದಲ್ಲಿ ದಿಕ್ಸೂಚಿ ಹಿಡಿದು ಡಿಗ್ರಿ ಓದಿದಳು. ಮ್ಯಾಪನ್ನು ನೆಲಕ್ಕೆ ಹಾಸಿ, ಪಂಪ್‌ಹೌಸಿನಿಂದ ಆ ದಿಕ್ಕಿಗೆ ಸ್ಕೇಲಿಟ್ಟು ಗೆರೆ ಎಳೆದಳು.

"ಈ ಗೆರೆ ಮೇಲೆ ಎಲ್ಲೋ ಒಂದು ಕಡೆ ಇದೆ. ಎಲ್ಲಿ ಅಂತ ಗೊತ್ತಾಗ್ಬೇಕಾದ್ರೆ ಬೇರೆ ಜಾಗದಿಂದ ಇನ್ನೊಂದು ಗೆರೆ ಬೇಕು."

ರಸ್ತೆಯ ತಿರುವಿಗೆ ಹೋಗಿ ಎರಡನೆಯ ಗೆರೆ ಎಳೆದರು. ಎರಡೂ ಗೆರೆಗಳು ಒಂದನ್ನೊಂದು ದಾಟಿದ ಜಾಗದಲ್ಲಿ ಲಾರಿ ಗ್ಯಾರೇಜು ಇತ್ತು.

ಚೋಟು ರಸ್ತೆಯನ್ನು ನೋಡಿದಳು. ಒಂದು ಲಾರಿ ಧಡಧಡನೆ ಹೋಯಿತು. ಅದರ ಹಿಂದೆ ಇನ್ನೊಂದು. ಒಂದೊಂದು ಚಕ್ರವೂ ಅವಳ ಭುಜದಷ್ಟು ಎತ್ತರ. ದಪ್ಪಮ್ಮ ಒಂದು ಹೆಜ್ಜೆ ಇಡುವಷ್ಟರಲ್ಲಿ ಅವು ಹತ್ತು ಸುತ್ತು ಉರುಳಿರುತ್ತವೆ. ಚೋಟು ಅಕ್ಕನ ಕೈ ಹಿಡಿದುಕೊಂಡಳು.

ಗ್ಯಾರೇಜಿನೊಳಗೆ ಕಾಲಿಟ್ಟೊಡನೆ ರಿಸೀವರ್ ಪಿಕ್ ಪಿಕ್ ಎಂದು ಜೋರಾಗಿ ಕೂಗತೊಡಗಿತು. ಒಂದು ಲಾರಿಯಡಿಯಿಂದ ಮೆಕ್ಯಾನಿಕ್ ತಲೆ ಹೊರಗೆ ಹಾಕಿದ. ಮುಖದಲ್ಲಿ ಹಲ್ಲು ಬಿಟ್ಟರೆ ಉಳಿದದ್ದೆಲ್ಲ ಗ್ರೀಸು.

"ಏನಮ್ಮಾ, ಟಿವಿ ಸಿಗ್ನಲ್ ನೋಡೋಕೆ ಬಂದ್ರಾ? ನಮ್ಮನೇದೂ ಎರಡು ದಿನದಿಂದ ಬರ್ತಿಲ್ಲ."

"ಟಿವಿ ಅಲ್ಲ ಅಂಕಲ್, ಆಮೆ," ಎಂದಳು ಚೋಟು. "ತಪ್ಪಿಸಿಕೊಂಡಿದೆ."

ಮೆಕ್ಯಾನಿಕ್ ಆಂಟೆನಾ ನೋಡಿದ, ರಿಸೀವರ್ ನೋಡಿದ. "ಆಮೆ ಹಿಡಿಯೋಕೆ ಇಷ್ಟೆಲ್ಲ ಮೆಷಿನ್ ಬೇಕಾ? ನಡ್ಕೊಂಡು ಹೋದ್ರೆ ಸಿಗಲ್ವಾ?"

ಬೇರೆ ದಿನವಾಗಿದ್ದರೆ ಚೋಟು ನಕ್ಕುಬಿಡುತ್ತಿದ್ದಳು. ಈಗ ಅವಳ ಕಣ್ಣು ಲಾರಿಯ ಹಿಂದಿನ ಚಕ್ರದ ಕೆಳಗೆ ನೆಟ್ಟಿತ್ತು. ಅಲ್ಲಿ ಏನೋ ದುಂಡಗೆ, ಕಪ್ಪಗೆ, ಅರ್ಧ ನಜ್ಜುಗುಜ್ಜಾಗಿ ಬಿದ್ದಿತ್ತು.

"ಅಂಕಲ್... ಅದು..."

ಮೆಕ್ಯಾನಿಕ್ ಅದನ್ನು ಕಾಲಿನಿಂದ ಎಳೆದ. ಖಣಖಣ ಎಂದಿತು. ಎಂಜಿನ್ ಆಯಿಲ್ ಹಿಡಿಯುವ ಹಳೆಯ ಬಾಣಲೆ.

ಚೋಟುವಿಗೆ ಹೋದ ಜೀವ ಬಂದಂತಾಯಿತು. ಆದರೆ ಆಮೆ ಮಾತ್ರ ಸಿಗಲಿಲ್ಲ. ಲಾರಿಗಳ ಅಡಿ, ಟೈರುಗಳ ರಾಶಿ, ನಲ್ಲಿಯ ಹಿಂದೆ, ಎಲ್ಲ ಕಡೆ ನೋಡಿದರು. ಆಂಟೆನಾವನ್ನು ಎತ್ತ ತಿರುಗಿಸಿದರೂ ಸದ್ದು ಒಂದೇ ಸಮ.

ಅಕ್ಕ ತಲೆಯೆತ್ತಿ ಸೂರು ನೋಡಿದಳು, ಸುತ್ತಲ ಗೋಡೆ ನೋಡಿದಳು. ಎಲ್ಲವೂ ತಗಡು.

"ಅಯ್ಯೋ, ದಡ್ಡಿ ನಾನು!" ಎಂದು ಹಣೆ ಚಚ್ಚಿಕೊಂಡಳು. "ಕ್ಲಾಸಲ್ಲೇ ಹೇಳಿದ್ರು. ಗೋಡೆಗೆ ಹೊಡೆದ ಚೆಂಡು ವಾಪಸ್ ಬರಲ್ವಾ, ಹಾಗೇ ತಗಡು ಸಿಗ್ನಲ್ಲನ್ನ ವಾಪಸ್ ಎಸೆಯುತ್ತೆ. ನಾವು ಕೇಳ್ತಿರೋದು ಬರೀ ಚೆಂಡಿನ ಆಟ."

"ಮತ್ತೆ ಏನ್ಮಾಡೋದು?"

"ತಗಡಿನಿಂದ ದೂರ ಹೋಗಿ ಮೂರನೇ ಗೆರೆ ಎಳೆಯೋದು."

ರಸ್ತೆಯಾಚೆ ಒಂದು ಖಾಲಿ ಮೈದಾನವಿತ್ತು. ಅದರ ನಡುವೆ ನಿಂತು ಮತ್ತೆ ಚೋಟುವೇ ಕಿವಿಗೊಟ್ಟಳು. ಎಡಕ್ಕೆ ಸದ್ದು ಸತ್ತಿತು, ಬಲಕ್ಕೆ ಸತ್ತಿತು. ಅವಸರ ಮಾಡದೆ ಇನ್ನೊಮ್ಮೆ ತಿರುಗಿದಳು. ಬೇಕೆಂದೇ ಮೂರನೆಯ ಸಲವೂ ತಿರುಗಿದಳು. ಮೂರು ಸಲವೂ ಅದೇ ದಿಕ್ಕು.

ಹೊಸ ಗೆರೆ ಗ್ಯಾರೇಜನ್ನು ಮುಟ್ಟಲಿಲ್ಲ. ಅದರ ಬೆನ್ನಿಗಿದ್ದ ಜಾಗದಲ್ಲಿ ಮೊದಲನೆಯ ಗೆರೆಯನ್ನು ದಾಟಿತು.

"ಅಲ್ಲೇನಿದೆ?"

ಚೋಟು ಕತ್ತು ಚಾಚಿ ನೋಡಿದಳು. "ಗಿಡ ಮಾರೋ ನರ್ಸರಿ."

ನರ್ಸರಿಯ ಬೇಲಿಯ ಬಳಿ ಬಂದಾಗ ರಿಸೀವರ್‌ನ ಸದ್ದು ಎಷ್ಟು ಗಟ್ಟಿಯಾಯಿತೆಂದರೆ ಅಕ್ಕ ಅದನ್ನು ತಗ್ಗಿಸಬೇಕಾಯಿತು. ಒಳಗೆ ಸಾಲುಸಾಲು ಕುಂಡಗಳು. ಸೊಂಟಕ್ಕೆ ಸೆರಗು ಸಿಕ್ಕಿಸಿದ ನರ್ಸರಿಯಮ್ಮ ಸಲಿಕೆ ಹಿಡಿದು ಹಿತ್ತಿಲ ಮರಳಿನ ಗುಡ್ಡೆಯ ಕಡೆ ಹೊರಟಿದ್ದರು.

"ಅಮ್ಮಾ, ಒಂದು ನಿಮಿಷ ನಿಲ್ಲಿ!" ಎಂದು ಅಕ್ಕ ಪಿಸುದನಿಯಲ್ಲೇ ಕೂಗಿದಳು.

"ಯಾಕಮ್ಮಾ? ಕುಂಡಕ್ಕೆ ಮರಳು ತುಂಬಬೇಕು, ಕೆಲಸ ಇದೆ."

ಅಷ್ಟರಲ್ಲಿ ಚೋಟು ಕುಂಡಗಳ ಸಂದಿಯಿಂದ ನೋಡಿಬಿಟ್ಟಿದ್ದಳು. ಮರಳಿನ ಗುಡ್ಡೆಯ ಬಿಸಿಲು ಬೀಳುವ ಬದಿಯಲ್ಲಿ ಚಿಪ್ಪೊಂದು ಓರೆಯಾಗಿ ಕೂತಿತ್ತು. ಹಿಂಗಾಲುಗಳು ಮರಳೊಳಗೆ. ಒಂದು ಕಾಲು ನಿಧಾನವಾಗಿ ಒಂದು ಹಿಡಿ ಮರಳು ಎತ್ತಿ ಪಕ್ಕಕ್ಕೆ ಹಾಕಿತು. ಆಮೇಲೆ ಇನ್ನೊಂದು ಕಾಲು. ಬೆನ್ನ ಮೇಲೆ ಟ್ಯಾಗಿನ ತಂತಿ ಅಲ್ಲಾಡುತ್ತಿತ್ತು.

"ದಪ್ಪಮ್ಮ!" ಎಂದಳು ಚೋಟು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಅಕ್ಕ, ಆರನೇ ನಂಬರ್ ನರ್ಸರಿ ಸೇರ್ಕೊಂಡಿದೆ!"

"ಶ್! ಬಗ್ಗು, ಬಗ್ಗು." ಅಕ್ಕ ಅವಳನ್ನು ಎಳೆದು ಕುಂಡಗಳ ಹಿಂದೆ ಕೂರಿಸಿದಳು. "ಮೊಟ್ಟೆ ಇಡೋಕೆ ಬಂದಿದ್ದಾಳೆ. ಅದಕ್ಕೇ ನೀರು ಬಿಟ್ಟು ಬಂದಿರೋದು. ಅದಕ್ಕೇ ಅಷ್ಟು ತೂಕ! ನಮ್ಮನ್ನ ನೋಡಿದ್ರೆ ಅರ್ಧಕ್ಕೇ ಬಿಟ್ಟು ಹೋಗ್ತಾಳೆ."

ನಂಬರ್ ಹೋಗಿ "ಅವಳು" ಬಂದದ್ದನ್ನು ಚೋಟು ಗಮನಿಸಿದಳು.

ನರ್ಸರಿಯಮ್ಮ ಸಲಿಕೆಯನ್ನು ಸದ್ದಿಲ್ಲದೆ ನೆಲಕ್ಕಿಟ್ಟು ತಾವೂ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. "ನೀವು ಐದು ನಿಮಿಷ ಬಿಟ್ಟು ಬಂದಿದ್ರೆ ಸಲಿಕೆ ಹಾಕಿಬಿಡ್ತಿದ್ನಲ್ಲಮ್ಮಾ," ಎಂದು ಉಸುರಿದರು.

ಮೂವರೂ ತುಟಿಪಿಟಕ್ಕೆನ್ನದೆ ಕೂತರು. ಇರುವೆಯೊಂದು ಚೋಟುವಿನ ಕಾಲು ಹತ್ತಿ ಮಂಡಿ ದಾಟಿತು. ಅವಳು ಅಲ್ಲಾಡಲಿಲ್ಲ. ಮೊದಲ ಮೊಟ್ಟೆ ಬಿದ್ದಾಗ ಅಕ್ಕ ಬೆರಳೆತ್ತಿದಳು, ಚೋಟು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿದಳು. ಬಿಳಿಯ, ಉದ್ದುದ್ದ ಮೊಟ್ಟೆಗಳು. ಒಂದು, ಎರಡು, ಮೂರು. ಒಂಬತ್ತಕ್ಕೆ ನಿಂತಿತು. ದಪ್ಪಮ್ಮ ಹಿಂಗಾಲಿನಿಂದ ಮರಳು ಎಳೆದು ಮುಚ್ಚಿ, ಹೊಟ್ಟೆಯಿಂದ ತಟ್ಟಿ ಸಮ ಮಾಡಿ, ಏನೂ ನಡೆದೇ ಇಲ್ಲವೆಂಬಂತೆ ಹೊರಟಳು.

ಆಗ ಅಕ್ಕ ಮೆಲ್ಲನೆ ಹೋಗಿ ಅವಳನ್ನು ಹಿಡಿದು, ಟ್ಯಾಗನ್ನು ಎರಡು ಬೆರಳಲ್ಲಿ ಅಲ್ಲಾಡಿಸಿ ನೋಡಿದಳು. ಅದು ಜಗ್ಗಲಿಲ್ಲ. ತುಸು ಓರೆಯಾಗಿ, ಆದರೆ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಅಂಚಿನ ಅಂಟಿನಲ್ಲಿ ಒಂದು ಪುಟ್ಟ ಬೆರಳಿನ ಗುರುತು.

"ಪೊಲೀಸ್ ಬಂದ್ರೆ ನೀನೇ ಸಿಕ್ಕಿಬೀಳೋದು," ಎಂದಳು ಅಕ್ಕ. ಇಷ್ಟು ಹೊತ್ತಿನಲ್ಲಿ ಮೊದಲ ಸಲ ನಕ್ಕಳು. "ಅಂಟು ಗಟ್ಟಿಯಾಗಿದೆ ಅಂತ ಬರಿ. ಓರೆ ಇದೆ ಅಂತಾನೂ ಬರಿ."

ನರ್ಸರಿಯಮ್ಮ ಹಳೆಯ ತಂತಿಯ ಬುಟ್ಟಿಯೊಂದನ್ನು ತಂದು ಆ ಜಾಗದ ಮೇಲೆ ಬೋರಲು ಹಾಕಿ ನಾಲ್ಕು ಕಲ್ಲು ಹೇರಿದರು. "ಎಷ್ಟು ದಿನ ಹೀಗೇ ಇರಲಿ?"

"ಎರಡು ಮೂರು ತಿಂಗಳಾಗಬಹುದಮ್ಮ. ನಾನು ಬಂದು ನೋಡ್ತಾ ಇರ್ತೀನಿ. ಮರಳಿಗೆ..."

"ಮರಳು ಬೇರೆ ತರಿಸಿಕೊಳ್ತೀನಿ ಬಿಡು. ಬಾಣಂತಿ ಮನೆ ಕಿತ್ತು ಕುಂಡ ತುಂಬ್ಲಾ?"

ಅಕ್ಕ ಕೆಳಗೆ ಬಿಡುತ್ತಲೇ ದಪ್ಪಮ್ಮ ಬೇಲಿಯ ಕೆಳಗೆ ನುಸುಳಿ ಕೆರೆಯ ಕಡೆಗೇ ಹೆಜ್ಜೆ ಹಾಕಿದಳು. "ನಾನು ಎತ್ಕೊಂಡು ಹೋಗ್ಲಾ?" ಎಂದಳು ಚೋಟು.

"ಬೇಡ. ಯಾವ ದಾರೀಲಿ ಹೋಗ್ತಾಳೆ ಅಂತ ನೋಡೋದೇ ನಮ್ಮ ಕೆಲಸ. ರಸ್ತೆ ಮಾತ್ರ ನೋಡ್ಕೊಳ್ಳೋಣ."

ರಸ್ತೆಯನ್ನು ನೋಡಿಕೊಂಡದ್ದು ಮೆಕ್ಯಾನಿಕ್. ಕೆಂಪು ಒರೆಸುಬಟ್ಟೆ ಬೀಸುತ್ತಾ ರಸ್ತೆ ನಡುವೆ ನಿಂತುಬಿಟ್ಟ. ಎರಡು ಲಾರಿ, ಒಂದು ಬಸ್ಸು, ನಾಲ್ಕು ಸ್ಕೂಟರು ಸಾಲಾಗಿ ನಿಂತವು. ಬಸ್ಸಿನ ಡ್ರೈವರ್ ಹಾರ್ನ್ ಒತ್ತಿದ.

"ಇರಯ್ಯಾ, ದೊಡ್ಡೋರು ದಾಟ್ತಿದ್ದಾರೆ!" ಎಂದು ಮೆಕ್ಯಾನಿಕ್ ಗದರಿದ.

ದೊಡ್ಡೋರು ಅವಸರಪಡಲಿಲ್ಲ. ನಡುರಸ್ತೆಯಲ್ಲಿ ಒಮ್ಮೆ ನಿಂತು, ಕತ್ತು ಉದ್ದ ಮಾಡಿ ಬಸ್ಸನ್ನು ನೋಡಿ, ಮತ್ತೆ ನಡೆದರು. ಕಿಟಕಿಗಳಿಂದ ಇಣುಕಿದವರೆಲ್ಲ ನಗುತ್ತಿದ್ದರು.

ಕೆರೆಯ ದಂಡೆಯಿಂದ ದಪ್ಪಮ್ಮ ಪುಳಕ್ಕನೆ ನೀರಿಗೆ ಜಾರಿದಾಗ ಹನ್ನೊಂದೂವರೆ. ಅಕ್ಕ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದಳು. ಬೆರಳಿನ ವಿಷಯವನ್ನೂ ಬಿಡಲಿಲ್ಲ. ಆ ಕಡೆಯಿಂದ ಮೇಡಂ ಏನೋ ಹೇಳಿ ಜೋರಾಗಿ ನಕ್ಕದ್ದು ಚೋಟುವಿಗೂ ಕೇಳಿಸಿತು.

"ಏನಂದ್ರು?"

"ಅವರು ಓದುವಾಗ ಟ್ಯಾಗನ್ನ ಉಲ್ಟಾ ಅಂಟಿಸಿದ್ರಂತೆ."

ಇಬ್ಬರೂ ಮನೆಯ ಕಡೆ ಹೊರಟರು. ಬಿಸಿಲು ಏರಿತ್ತು. ಹಸಿವು ಈಗ ನೆನಪಾಗಿ ಚೋಟು ಸರಸರ ಮುಂದೆ ನಡೆದಳು. ಅಕ್ಕ ಯಾಕೋ ಹಿಂದೆ ಬೀಳುತ್ತಿದ್ದಳು. ಒಂದು ಕಾಲು ಎಳೆಯುತ್ತಿರುವಂತಿತ್ತು.

ಚೋಟು ತಿರುಗಿ ಅಕ್ಕನ ಕಾಲು ನೋಡಿದಳು. ಎಡಗಾಲಿನಲ್ಲಿ ಅಕ್ಕನ ಕಪ್ಪು ಚಪ್ಪಲಿ. ಬಲಗಾಲಿನಲ್ಲಿ ಅಪ್ಪನ ಕಂದು ಚಪ್ಪಲಿ. ಅದು ಎಷ್ಟು ದೊಡ್ಡದೆಂದರೆ ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಬಿಟ್ಟು ಪಟಪಟ ಬಡಿಯುತ್ತಿತ್ತು. ಹೆಬ್ಬೆರಳಿನ ಪಕ್ಕ ಬೊಬ್ಬೆ ಎದ್ದಿತ್ತು.

ಬೆಳಿಗ್ಗೆ ಚೋಟುವನ್ನು ಎಬ್ಬಿಸಲು ಕೆರೆಯಿಂದ ಮನೆಗೆ ಓಡಿಬಂದ ಅಕ್ಕ ಮತ್ತೆ ಹೊರಡುವಾಗ ಯಾವ ಚಪ್ಪಲಿ ಮೆಟ್ಟಿದಳೆಂದೂ ನೋಡಿರಲಿಲ್ಲ. ಪಂಪ್‌ಹೌಸ್ ಹತ್ತಿದ್ದು, ಗ್ಯಾರೇಜು ಸುತ್ತಿದ್ದು, ಎಲ್ಲ ಹೀಗೇ. "ಗಾಬರಿ ಆಗ್ಬೇಡ, ಸಿಗುತ್ತೆ" ಎಂದದ್ದೂ ಈ ಚಪ್ಪಲಿಯಲ್ಲಿ ನಿಂತೇ.

ಚೋಟುವಿಗೆ ನಗು ಬರಬೇಕಿತ್ತು. ಬರಲಿಲ್ಲ.

"ಏನೇ, ಹಾಗೆ ನೋಡ್ತಿದ್ದೀಯ?" ಎಂದಳು ಅಕ್ಕ.

"ಏನಿಲ್ಲ."

ಚೋಟು ಅಕ್ಕನ ಕೊರಳಿನಿಂದ ರಿಸೀವರ್ ತೆಗೆದು ತನ್ನ ಕೊರಳಿಗೆ ಹಾಕಿಕೊಂಡಳು. ಆಮೇಲೆ ಅಕ್ಕನ ಪಕ್ಕಕ್ಕೆ ಬಂದು, ಅವಳ ಹೆಜ್ಜೆಗೆ ಹೆಜ್ಜೆ ಹೊಂದಿಸಿ ನಿಧಾನವಾಗಿ ನಡೆಯತೊಡಗಿದಳು.